ನಳದ ನೀರಿಗೆ ಸೋಪು, ಬೋರಿನ ನೀರಿಗೆ ಕ್ರೀಮು: ಎಂಟು ವರ್ಷ ಬಳಸಿದ ಮೇಲೆ

ದಾಡಿಗೆ ಸೋಪು ಒಳ್ಳೆಯದಾ, ಕ್ರೀಮು ಒಳ್ಳೆಯದಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇದು: ನಿಮ್ಮ ಮನೆಗೆ ಯಾವ ನೀರು ಬರುತ್ತದೆ? ಬ್ರ್ಯಾಂಡ್, ವಾಸನೆ, ರೇಟು ಎಲ್ಲಾ ಆಮೇಲೆ.

ನಾನು ಹುಬ್ಬಳ್ಳಿಯವನು. 2017ರಲ್ಲಿ ಅಪ್ಪನ ಹಳೆಯ ಸೇಫ್ಟಿ ರೇಜರ್ ತೊಳೆದು ಬಳಸಲು ಶುರು ಮಾಡಿದೆ. ಎರಡೂ ಕಡೆ ಧಾರ ಇರುವ ಬ್ಲೇಡ್ ಹಾಕುವ ರೇಜರ್ ಅದು. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಸೋಪು, ಏಳೆಂಟು ಬಗೆಯ ಕ್ರೀಮು ಬಳಸಿ ಮುಗಿಸಿದ್ದೇನೆ. ಡಬ್ಬಿಯಿಂದ ಬುಸ್ ಅಂತ ಬರುವ ಫೋಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಗಾಳಿಯೇ ಹೆಚ್ಚು, ಗಡ್ಡ ನೆನೆಯುವ ಮೊದಲೇ ಒಣಗುತ್ತದೆ. ನನ್ನ ಮುಖಕ್ಕೆ ಅದು ಆಗಲಿಲ್ಲ.

ನಮ್ಮ ಮನೆಯಲ್ಲಿ ಎರಡು ನೀರು. ಮಲಪ್ರಭಾ ನೀರು, ಅಂದರೆ ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿನಿಂದ ಬರುವ ನಳದ ನೀರು, ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಸಂಪು ತುಂಬಿಸಿಕೊಳ್ಳುತ್ತೇವೆ. ಸಂಪು ಖಾಲಿಯಾದರೆ ಬೋರು. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವಾರದಲ್ಲಿ, ಒಂದೇ ಬಚ್ಚಲಲ್ಲಿ ಎರಡು ಥರದ ನೀರು.

ಇದು ದಾಡಿಗೆ ಸಂಬಂಧಪಟ್ಟ ವಿಷಯ ಅಂತ ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ. ಅಲ್ಲಿಯವರೆಗೆ ಕ್ರೀಮನ್ನೇ ಬಳಸುತ್ತಿದ್ದೆ, ಆರಾಮಾಗಿತ್ತು. 2019ರಲ್ಲಿ ಆಸೆಪಟ್ಟು ಆನ್‌ಲೈನಲ್ಲಿ ಒಂದು ಹೊರದೇಶದ ಸೋಪು ತರಿಸಿದೆ, ಹೆಸರು ಬೇಡ, ರೇಟು ನನ್ನ ಮಟ್ಟಿಗೆ ಜಾಸ್ತಿಯೇ. ಮೊದಲ ದಿನ ನೊರೆ ಅದ್ಭುತವಾಗಿ ಬಂತು. ಮೂರನೇ ದಿನ ಅದೇ ಸೋಪು ಎಷ್ಟು ತಿಕ್ಕಿದರೂ ಬರೀ ಗುಳ್ಳೆ, ಮುಖಕ್ಕೆ ಹಚ್ಚಿದ ಕೂಡಲೇ ಒಣಗಿ ಬಿಳಿ ಪುಡಿಯ ಹಾಗೆ ಆಗಿ, ಬ್ಲೇಡ್ ಎಳೆದು ಗಂಟಲ ಹತ್ತಿರ ಎರಡು ಕಡೆ ಕೊಯ್ದುಕೊಂಡಿತು. ನಕಲಿ ಮಾಲು ಕಳಿಸಿದ್ದಾರೆ ಅಂತ ನಾನು ಖಾತ್ರಿ ಮಾಡಿಕೊಂಡಿದ್ದೆ.

ಆ ವಾರ ಕಟಿಂಗ್‌ಗೆ ಹೋದಾಗ ಅಂಗಡಿಯ ಕಾಕಾ ಗಂಟಲ ಗಾಯ ನೋಡಿ ಕೇಳಿದರು, ನಾನು ಕತೆ ಹೇಳಿದೆ. "ಸಾಬಾಣಕ್ಕ ಯಾಕ ಬೈತೀರ್ರಿ? ನಿಮ್ಮ ಬೋರಿನ ನೀರು ಗಡಸ ಐತಿ. ನಳಾ ಬಂದ ದಿನ ತಿಕ್ಕಿ ನೋಡ್ರಿ" ಅಂದರು. ಅವರ ಅಂಗಡಿಯಲ್ಲಿ ದಾಡಿಗೆ ಅಂತಲೇ ಒಂದು ಕೊಡ ನಳದ ನೀರು ಬೇರೆ ಇಟ್ಟಿರುತ್ತಾರೆ. ನಾನು ಅಷ್ಟು ವರ್ಷದಿಂದ ಹೋಗುತ್ತಿದ್ದರೂ ಅದನ್ನು ಗಮನಿಸಿರಲಿಲ್ಲ.

ಮುಂದಿನ ಭಾನುವಾರ ಎರಡು ಸ್ಟೀಲ್ ಬಟ್ಟಲು ತಗೊಂಡೆ. ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ಬೋರಿನ ನೀರು. ಅದೇ ಸೋಪು, ಅದೇ ಬ್ರಷ್, ಸೋಪಿನ ಮೇಲೆ ಎಣಿಸಿ 40 ಸುತ್ತು. ನಳದ ನೀರಲ್ಲಿ ನೊರೆ ಗಟ್ಟಿ ಮೊಸರಿನ ಕೆನೆಯ ಹಾಗೆ ಕೂತಿತು, ಹತ್ತು ನಿಮಿಷ ಬಿಟ್ಟರೂ ಹಾಗೇ ಇತ್ತು. ಬೋರಿನ ಬಟ್ಟಲಲ್ಲಿ ದೊಡ್ಡ ದೊಡ್ಡ ಗುಳ್ಳೆ, ನೋಡನೋಡುತ್ತ ಇಳಿದುಹೋಗಿ ತಳದಲ್ಲಿ ಬಿಳಿ ಗಸಿ. ಆಮೇಲೆ ಕುಡಿಯಲು ತರುವ ಆರ್‌ಒ ನೀರಲ್ಲೂ ಮಾಡಿದೆ, ಮಳೆಗಾಲದಲ್ಲಿ ಹಂಚಿನಿಂದ ಸುರಿಯುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಅದರಲ್ಲೂ ಮಾಡಿದೆ. ಮಳೆ ನೀರಿನ ನೊರೆಗೆ ಯಾವುದೂ ಸಾಟಿಯಿಲ್ಲ, ಅರ್ಧ ಸೋಪು ಸಾಕು.

ಕಾರಣ ಸರಳ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸೋಪಿನ ಕೊಬ್ಬಿನ ಆಮ್ಲವನ್ನು ಹಿಡಿದುಕೊಂಡು ನೀರಲ್ಲಿ ಕರಗದ ಗಸಿ ಮಾಡಿಬಿಡುತ್ತವೆ. ಅವುಗಳ ಪಾಲು ತೀರಿದ ಮೇಲೆ ಉಳಿದ ಸೋಪಿನಿಂದ ಮಾತ್ರ ನೊರೆ. ಗೀಸರ್ ಕಾಯಿಲ್ ಮೇಲೆ ಸುಣ್ಣದಂತೆ ಕೂರುವುದೂ ಇದೇ ಕ್ಯಾಲ್ಸಿಯಂ.

ಹಾಗಾದರೆ ಕ್ರೀಮು ಯಾಕೆ ಬೋರಿನ ನೀರಲ್ಲೂ ಓಡುತ್ತದೆ? ಕ್ರೀಮೂ ಮೂಲದಲ್ಲಿ ಸೋಪೇ. ಆದರೆ ಅದನ್ನು ಹೆಚ್ಚಾಗಿ ಪೊಟ್ಯಾಸಿಯಂ ಕ್ಷಾರದಿಂದ ಮಾಡುತ್ತಾರೆ, ಅದು ಮೆತ್ತಗಿರುತ್ತದೆ, ಬೇಗ ಕರಗುತ್ತದೆ. ಗಟ್ಟಿ ಬಿಲ್ಲೆಗೆ ಸೋಡಿಯಂ ಕ್ಷಾರವೂ ಸೇರಿರುತ್ತದೆ. ಕೆಲವು ಟ್ಯೂಬಿನ ಹಿಂದೆ ಇಡಿಟಿಎ ಅಂತ ಬರೆದಿರುತ್ತದೆ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ವಸ್ತು. ಎಲ್ಲಕ್ಕಿಂತ ಮುಖ್ಯ, ಟ್ಯೂಬು ಒತ್ತಿದರೆ ಬೇಕಾದಷ್ಟು ಬರುತ್ತದೆ. ನಳದ ನೀರಿಗೆ ಒಂದು ಶೇಂಗಾ ಬೀಜದಷ್ಟು ಸಾಕು, ಬೋರಿನ ನೀರಿಗೆ ಎರಡು ಬೀಜದಷ್ಟು ಹಾಕಿದರೆ ಆಯಿತು. ಸೋಪಿನಲ್ಲಿ ಅಷ್ಟನ್ನು ಬ್ರಷ್‌ಗೆ ಎತ್ತಿಕೊಳ್ಳಲು ಒಂದು ನಿಮಿಷದ ಮೇಲೆ ತಿಕ್ಕಬೇಕು, ಬೆಳಿಗ್ಗೆ ಡ್ಯೂಟಿಗೆ ಹೊರಡುವ ಹೊತ್ತಲ್ಲಿ ಅದು ಆಗುವುದಿಲ್ಲ.

ಇಷ್ಟಾದರೂ ನನಗೆ ಪ್ರೀತಿ ಸೋಪಿನ ಮೇಲೆಯೇ. ಒಳ್ಳೆಯ ನೀರು ಸಿಕ್ಕ ದಿನ ಸೋಪಿನ ನೊರೆಗೆ ಒಂದು ಜಾರು ಇರುತ್ತದೆ. ಬ್ಲೇಡ್ ಒಮ್ಮೆ ಹೋದ ಜಾಗದಲ್ಲಿ ನೊರೆ ಇಲ್ಲದಿದ್ದರೂ ಮತ್ತೊಮ್ಮೆ ಎಳೆಯಬಹುದು, ಉರಿಯುವುದಿಲ್ಲ. ನಾನು ಬಳಸಿದ ಯಾವ ಕ್ರೀಮಿನಲ್ಲೂ ಅಷ್ಟು ಜಾರು ಸಿಗಲಿಲ್ಲ. ಕ್ರೀಮಿನ ನೊರೆ ದಪ್ಪ ಕಾಣುತ್ತದೆ, ಮುಖಕ್ಕೆ ಮೆತ್ತಗೆ ಕೂರುತ್ತದೆ, ಆದರೆ ಜಾರು ಬೇರೆ, ದಪ್ಪ ಬೇರೆ. ಹೊಸಬರು ದಪ್ಪ ನೋಡಿ ಮೋಸ ಹೋಗುತ್ತಾರೆ. ನೊರೆಗೆ ಸ್ವಲ್ಪ ಹೊಳಪು ಇರಬೇಕು. ಹೊಳಪಿಲ್ಲದೆ ಹಿಟ್ಟಿನ ಹಾಗಿದ್ದರೆ ನಾಲ್ಕು ಹನಿ ನೀರು ಹಾಕಿ. ದೊಡ್ಡ ಗುಳ್ಳೆ ಬಂದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ.

ಸೋಪು ಬಾಳಿಕೆಯೂ ಬರುತ್ತದೆ. ಟ್ಯೂಬು ತೆರೆದ ತಾರೀಕು, ಮುಗಿದ ತಾರೀಕು ಬರೆದಿಡುವ ಅಭ್ಯಾಸ ನನಗಿದೆ. ದಿನಾ ದಾಡಿ ಮಾಡಿದರೆ 70 ಗ್ರಾಂ ಟ್ಯೂಬು ಎರಡು ತಿಂಗಳ ಮೇಲೆ ಒಂದು ವಾರ. 100 ಗ್ರಾಂ ಸೋಪು ಆರೂವರೆ ತಿಂಗಳು ಬಂತು, ಅದೂ ವಾರಕ್ಕೆ ಎರಡು ದಿನ ಬೋರಿನ ನೀರಲ್ಲಿ ಹಾಳು ಮಾಡಿಕೊಂಡು. ಅಪ್ಪ ವರ್ಷಗಟ್ಟಲೆ ಪ್ಲಾಸ್ಟಿಕ್ ಡಬ್ಬಿಯ ಗೋದ್ರೇಜ್ ಬಿಲ್ಲೆ ಬಳಸಿದವರು, ಒಂದು ಬಿಲ್ಲೆ ತಂದರೆ ಮತ್ತೆ ಅಂಗಡಿಗೆ ಹೋಗಿದ್ದು ನನಗೆ ನೆನಪೇ ಇರುತ್ತಿರಲಿಲ್ಲ. ಗಟ್ಟಿ ಸೋಪು ಒಣಗಿದ್ದರೆ ಸ್ನಾನಕ್ಕೆ ಹೋಗುವ ಮೊದಲು ಮೇಲೆ ಒಂದು ಚಮಚ ಬಿಸಿನೀರು ಹಾಕಿಡಿ, ಬಂದ ಮೇಲೆ ಚೆಲ್ಲಿ ತಿಕ್ಕಿ. ಅರ್ಧ ಕೆಲಸ ಆಗಿರುತ್ತದೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ನಿಂತು ದಾಡಿ ಮಾಡಿದರೆ ಸೋಪಿನ ನೊರೆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಒಣಗುತ್ತದೆ. ಡಿಸೆಂಬರ್‌ನಲ್ಲಿ ಧಾರವಾಡದ ಅಕ್ಕನ ಮನೆಗೆ ಹೋದಾಗ ಒಣ ಚಳಿಗೆ ಕೆನ್ನೆ ಬಿರಿಯುತ್ತದೆ, ಆಗ ಗ್ಲಿಸರಿನ್ ಜಾಸ್ತಿ ಇರುವ ಕ್ರೀಮೇ ಹಿತ. ಬೇಸಿಗೆಗೆ ಮೆಂಥಾಲ್ ಚೆನ್ನ. ಇಟಲಿಯ ಪ್ರೊರಾಸೊ ಹಸಿರು ಕ್ರೀಮಿನಲ್ಲಿ ನೀಲಗಿರಿ ಎಣ್ಣೆ, ಮೆಂಥಾಲ್ ಎರಡೂ ಇವೆ, ಮೇ ತಿಂಗಳಲ್ಲಿ ಅದನ್ನು ಹಚ್ಚಿದರೆ ಮುಖಕ್ಕೆ ಮಜ್ಜಿಗೆ ಕುಡಿಸಿದ ಹಾಗೆ. ದಿನಬಳಕೆಗೆ ನಮ್ಮ ಅಂಗಡಿಗಳಲ್ಲಿ ಸಿಗುವ ಪಾಮೋಲಿವ್, ವಿ-ಜಾನ್ ಸಾಕು, ಅವುಗಳಿಂದ ನನಗೆ ಯಾವ ತೊಂದರೆಯೂ ಆಗಿಲ್ಲ.

ಶಾಕಾಹಾರಿಗಳು ಒಂದು ನೋಡಿಕೊಳ್ಳಿ. ಹೊರದೇಶದ ಕೆಲವು ಸೋಪುಗಳಲ್ಲಿ ದನದ ಕೊಬ್ಬು ಇರುತ್ತದೆ, ಪಟ್ಟಿಯಲ್ಲಿ ಟ್ಯಾಲೋ ಅಥವಾ ಟ್ಯಾಲೋವೇಟ್ ಅಂತ ಬರೆದಿರುತ್ತಾರೆ. ಬ್ರಷ್‌ನಲ್ಲಿ ಬೋರ್ ಅಂದರೆ ಹಂದಿ ಕೂದಲು. ನಮ್ಮ ಅವ್ವನಿಗೆ ಅದು ಮನೆಯಲ್ಲಿ ಇರುವುದು ಇಷ್ಟವಿಲ್ಲ, ಅವಳ ಮಾತು ನನಗೆ ಮುಖ್ಯ, ಹಾಗಾಗಿ ಸಿಂಥೆಟಿಕ್ ಬ್ರಷ್ ತಂದೆ. ಅದನ್ನು ನೆನೆಸಿಡುವ ಕೆಲಸವಿಲ್ಲ, ಬೇಗ ಒಣಗುತ್ತದೆ. ಕ್ರೀಮಿಗಂತೂ ಅದೇ ಚೆನ್ನಾಗಿ ಹೊಂದುತ್ತದೆ.

ಊರಿಗೆ ಹೋಗುವಾಗ ಟ್ಯೂಬೇ ಬ್ಯಾಗಿಗೆ. ಗದಗಿನಲ್ಲಿ ಮಾವನವರ ಮನೆಯ ಬೋರು ನಮ್ಮದಕ್ಕಿಂತ ಗಡಸು, ಅಲ್ಲಿ ಸೋಪು ತೆಗೆಯುವುದೇ ಇಲ್ಲ.

ಬೋರಿನ ನೀರು ಮಾತ್ರ ಇರುವವರು ಸೋಪಿನ ಆಸೆ ಬಿಡಬೇಕಾಗಿಲ್ಲ. ದಾಡಿಗೆ ಬೇಕಾಗುವ ನೀರು ಒಂದು ಲೋಟ. ಆರ್‌ಒ ನೀರನ್ನು ಬಿಸಿ ಮಾಡಿಕೊಳ್ಳಿ. ಅದೂ ಇಲ್ಲದಿದ್ದರೆ ಬೋರಿನ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ಬಸಿದುಕೊಳ್ಳಿ, ಗಡಸು ಪೂರ್ತಿ ಹೋಗದಿದ್ದರೂ ಸ್ವಲ್ಪ ಕಡಿಮೆಯಾಗುತ್ತದೆ. ನಾನು ಈಗ ನಳ ಬಂದ ದಿನ ಎರಡು ಲೀಟರಿನ ಬಾಟಲಿ ತುಂಬಿ ಕನ್ನಡಿಯ ಕೆಳಗೆ ಇಡುತ್ತೇನೆ. ಐದು ದಿನಕ್ಕೆ ಅಷ್ಟು ಸಾಕಾಗುತ್ತದೆ. ಬಾಟಲಿ ಖಾಲಿಯಾಗಿ ನಳ ಇನ್ನೂ ಬಂದಿಲ್ಲ ಅಂದರೆ ಮಾತ್ರ ಟ್ಯೂಬಿನ ಮುಚ್ಚಳ ತೆಗೆಯುತ್ತೇನೆ.