ಡ್ರೈಯರ್ ಕೊಳ್ಳುವ ಮುಂಚೆ ಅದು ಎಷ್ಟು ಗಾಳಿ ತಿನ್ನುತ್ತದೆ ಅಂತ ಕೇಳಿ

ಪುಣೆಯ ಭೋಸರಿ, ಚಾಕಣ ಕಡೆ ಸಣ್ಣ ಶೆಡ್ ಹಾಕಿಕೊಂಡಿರುವ ನಮ್ಮ ಕಡೆಯವರು ಬಹಳ ಜನ ಇದ್ದೀರಿ. ಕಂಪ್ರೆಸರ್ ಗಾಳಿಗೆ ಡೆಸಿಕಂಟ್ ಡ್ರೈಯರ್ (ತೇವ ಹೀರುವ ಕಾಳು ತುಂಬಿದ ಡ್ರೈಯರ್) ಹಾಕಿಸುವ ಯೋಚನೆ ಇದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ನಾನು ಒಂದು ಮಳೆಗಾಲದ ಕೆಲಸ ಪೂರ್ತಿ ಕಳೆದುಕೊಂಡಿದ್ದೇನೆ.

ನಮ್ಮದು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿಯನ್ನು ಗನ್ನಿನಿಂದ ಹೊಡೆದು ಓವನ್ನಿನಲ್ಲಿ ಬೇಯಿಸುವ ಕೆಲಸ. 20 ಎಚ್‌ಪಿ ಸ್ಕ್ರೂ ಕಂಪ್ರೆಸರ್, 7 ಬಾರ್ ಒತ್ತಡದಲ್ಲಿ ಸುಮಾರು 85 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ) ಗಾಳಿ ಕೊಡುತ್ತದೆ. ನಮಗೆ 75 ಬೇಕು. ಮಳೆ ಹಿಡಿದರೆ ಲೈನಿನಲ್ಲಿ ನೀರು. ಡ್ರೈಯರ್ ಮಾರಲು ಬಂದವರು ಎರಡು ಟವರಿನ ಹೀಟ್‌ಲೆಸ್ ಮಾಡೆಲ್ ತೋರಿಸಿದರು. 100 ಸಿಎಫ್‌ಎಂ, ಮೈನಸ್ 40 ಡ್ಯೂ ಪಾಯಿಂಟ್, ಅಂದರೆ ಗಾಳಿ ಮೈನಸ್ 40 ಡಿಗ್ರಿಗೆ ತಣ್ಣಗಾಗುವವರೆಗೆ ಅದರಿಂದ ನೀರು ಬಿಡುವುದಿಲ್ಲ. "ಹೀಟರೇ ಇಲ್ಲ, ಕರೆಂಟ್ ಖರ್ಚೂ ಇಲ್ಲ" ಅಂದರು. ನಾನು ನಂಬಿದೆ.

ಹೀಟರ್ ಇಲ್ಲ, ನಿಜ. ಆದರೆ ಗಾಳಿ ತಿನ್ನುತ್ತದೆ, ಅದನ್ನು ಹೇಳಲಿಲ್ಲ. ಒಂದು ಟವರ್ ಗಾಳಿ ಒಣಗಿಸುವಾಗ, ಇನ್ನೊಂದು ಟವರಿನ ಕಾಳುಗಳಲ್ಲಿ ಸೇರಿದ ತೇವವನ್ನು ಒಣ ಗಾಳಿಯೇ ಹೊರಗೆ ಹೊತ್ತೊಯ್ಯಬೇಕು. ಐದೈದು ನಿಮಿಷಕ್ಕೆ ಟವರ್ ಬದಲಾಗುತ್ತದೆ. ಈ ಪರ್ಜ್ ಗಾಳಿ ಡ್ರೈಯರ್ ಸಾಮರ್ಥ್ಯದ ಸುಮಾರು 15 ಪರ್ಸೆಂಟ್. ಅಂದರೆ ನನ್ನ 85ರಲ್ಲಿ 15 ಸಿಎಫ್‌ಎಂ ಸೈಲೆನ್ಸರ್‌ನಿಂದ ಬುಸ್ ಅಂತ ಹೋಯಿತು. ಉಳಿದಿದ್ದು 70.

ಎರಡನೇ ದಿನಕ್ಕೇ ಪ್ರೆಷರ್ ಬಿತ್ತು. ಕಂಪ್ರೆಸರ್ ಒಂದು ನಿಮಿಷವೂ ಅನ್‌ಲೋಡ್ ಆಗುತ್ತಿರಲಿಲ್ಲ, ಪೂರ್ತಿ ಲೋಡಿನಲ್ಲೇ ಓಡುತ್ತಿತ್ತು. ಫೋನ್ ಮಾಡಿದರೆ ಅವರ ಟೆಕ್ನಿಷಿಯನ್ ಬಂದು, ಸ್ಪ್ಯಾನರ್ ಹಿಡಿದು ಪರ್ಜ್ ವಾಲ್ವ್ ತಿರುಗಿಸಿ ಮುಕ್ಕಾಲು ಮುಚ್ಚಿದ. ಪ್ರೆಷರ್ ಬಂತು. ನಾವು ಚಹಾ ಕುಡಿಸಿ ಕಳಿಸಿದೆವು.

ಕೆಟ್ಟಿದ್ದೇ ಅಲ್ಲಿ. 7 ಬಾರ್ ಗಾಳಿಯನ್ನು ಹೊರಗಿನ ಒತ್ತಡಕ್ಕೆ ಬಿಟ್ಟರೆ ಎಂಟು ಪಟ್ಟು ಹಿಗ್ಗುತ್ತದೆ. ನೂರರಲ್ಲಿ 15 ಪಾಲು ಬಿಟ್ಟರೆ ಅದು 120 ಪಾಲಿನಷ್ಟಾಗಿ ತೇವ ಎತ್ತಿಕೊಂಡು ಹೋಗುತ್ತದೆ. ನಾಲ್ಕೈದು ಪಾಲಿಗೆ ಇಳಿಸಿದರೆ 40 ದಾಟಲ್ಲ. ಒಳಗೆ ಸೇರಿದ ನೀರು ಪೂರ್ತಿ ಹೊರಗೆ ಹೋಗುವುದೇ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಉಳಿಯುತ್ತಾ ಹೋಗುತ್ತದೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಬೂತಿನಿಂದ ಇಂಡಿ ಕಡೆಯ ಹುಡುಗ ಕೂಗಿದ: "ಅಣ್ಣಾ, ಪೌಡರ್ ಉಂಡಿ ಉಂಡಿ ಬರಾಕತ್ತೈತಿ, ಬಂದು ನೋಡ್ರಿ." ಓವನ್ನಿಂದ ಬಂದ ಜಾಬುಗಳ ಮೇಲೆ ಸೂಜಿ ಚುಚ್ಚಿದ ಹಾಗೆ ತೂತು, ಅಲ್ಲಲ್ಲಿ ಸಣ್ಣ ಗುಳಿ. ಅವತ್ತಿನ ಲಾಟ್ ಅಷ್ಟೂ ವಾಪಸ್ ಬಂತು. ಕಿತ್ತು ಮತ್ತೆ ಹೊಡೆಯುವ ಖರ್ಚು ನಮ್ಮದೇ.

ಟವರ್ ಬಿಚ್ಚಿಸಿದೆ. ಬೆಳ್ಳಗೆ ಸಾಬೂದಾನಿ ಥರ ಇರಬೇಕಿದ್ದ ಅಲ್ಯೂಮಿನಾ ಕಾಳು ಚಹಾದ ಬಣ್ಣಕ್ಕೆ ತಿರುಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಕೈಗೆ ಎಣ್ಣೆ ಅಂಟಿತು. ಕಂಪ್ರೆಸರ್ ಎಣ್ಣೆ! ಗಾಳಿ ಡ್ರೈಯರಿಗೆ ಹೋಗುವ ಮುಂಚೆ ಎಣ್ಣೆ ತಡೆಯುವ ಫಿಲ್ಟರ್ ಹಾಕಿರಲೇ ಇಲ್ಲ, "ಬೇಕಾದರೆ ಆಮೇಲೆ ಹಾಕಿಸಿ" ಅಂದಿದ್ದರು. ಎಣ್ಣೆ ಕುಡಿದ ಕಾಳು ಎಷ್ಟು ಪರ್ಜ್ ಕೊಟ್ಟರೂ ಸರಿಹೋಗಲ್ಲ, ಎಸೆಯಬೇಕು. ಮೇಲೆ ತಗಡಿನ ಶೆಡ್ಡು, ಡ್ರೈಯರಿಗೆ ಹೋಗುವ ಗಾಳಿ 45 ಡಿಗ್ರಿ. ಇಂಥ ಡ್ರೈಯರುಗಳ ಲೆಕ್ಕ ಸಾಮಾನ್ಯವಾಗಿ 35ರಿಂದ 38 ಡಿಗ್ರಿಗೆ. 35ರಿಂದ 45ಕ್ಕೆ ಏರಿದರೆ ಗಾಳಿಯಲ್ಲಿನ ನೀರು ಒಂದೂವರೆ ಪಟ್ಟಿಗಿಂತ ಜಾಸ್ತಿ.

ಬೇರೆ ಜಾತಿಗಳೂ ಇವೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಹೀಟರ್ ಇರುವುದರಲ್ಲಿ ಪರ್ಜ್ ಸುಮಾರು 7 ಪರ್ಸೆಂಟಿಗೆ ಇಳಿಯುತ್ತದೆ. ಬ್ಲೋವರ್ ಇರುವುದು ಹೊರಗಿನ ಗಾಳಿಯನ್ನೇ ಕಾಯಿಸಿ ಕಾಳು ಒಣಗಿಸುತ್ತದೆ, ಕಂಪ್ರೆಸರ್ ಗಾಳಿ ಬಹಳ ಉಳಿಯುತ್ತದೆ. ಬೆಲೆ ಜಾಸ್ತಿ, ಸಾಮಾನ್ಯವಾಗಿ ದೊಡ್ಡ ಲೈನಿಗೆ ಮಾತ್ರ ಗಿಟ್ಟುತ್ತದೆ. ಕಂಪ್ರೆಸರಿನ ಬಿಸಿಯನ್ನೇ ಬಳಸುವುದು ಇನ್ನೊಂದು, ಅದು ಎಣ್ಣೆ ಇಲ್ಲದ ಕಂಪ್ರೆಸರಿಗೆ ಮಾತ್ರ. ನಮ್ಮಂಥವರ ಎಣ್ಣೆ ಹಾಕುವ ಸ್ಕ್ರೂ ಮಷಿನ್‌ಗೆ ಅದನ್ನು ಯಾರಾದರೂ ಹೇಳಿದರೆ ಎದ್ದು ಬನ್ನಿ.

"ಕರೆಂಟ್ ಖರ್ಚಿಲ್ಲ" ಅನ್ನುವ ಮಾತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಎಚ್‌ಪಿಗೆ ಸುಮಾರು 4 ಸಿಎಫ್‌ಎಂ ಸಿಗುತ್ತದೆ. ಸುಮ್ನೆ ಹೋಗುವ 15 ಸಿಎಫ್‌ಎಂ ಅಂದರೆ ಹತ್ತಿರ ಹತ್ತಿರ 3 ಕಿಲೋವ್ಯಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ, 9,000 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 72,000.

ಬಹಳ ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ. ನಮ್ಮ ಗನ್ನಿಗೆ ಮೈನಸ್ 40 ಬೇಕಾಗಿಯೇ ಇರಲಿಲ್ಲ. ಗಾಳಿಯನ್ನು ತಣ್ಣಗೆ ಮಾಡಿ ನೀರು ಇಳಿಸಿ, ಪ್ಲಸ್ 3 ಡಿಗ್ರಿ ಡ್ಯೂ ಪಾಯಿಂಟ್ ಕೊಡುವ ರೆಫ್ರಿಜರೇಟೆಡ್ ಡ್ರೈಯರ್, ಜೊತೆಗೆ ಎಣ್ಣೆ ಫಿಲ್ಟರ್, ಇಷ್ಟೇ ಸಾಕಾಗಿತ್ತು. ಔಷಧಿ ಕಾರ್ಖಾನೆ, ಇನ್‌ಸ್ಟ್ರುಮೆಂಟ್‌ಗಳಿಗೆ ಗಾಳಿ ಕೊಡುವವರು, ಅಂಥವರ ಮಾತು ಬೇರೆ.

ಹೀಟ್‌ಲೆಸ್ಸೇ ಬೇಕು ಅನ್ನುವವರು ಪರ್ಜ್ ಎಷ್ಟು ಸಿಎಫ್‌ಎಂ, ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇರುವವರೆಗೆ ಮೈನಸ್ 40 ಬರುತ್ತದೆ ಅನ್ನುವುದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಹಾಕಿಸಿದ ಮೇಲೆ, ಪರ್ಜ್ ಆಗುತ್ತಿರುವ ಟವರಿನ ಗೇಜ್ ನೋಡುತ್ತಿರಿ. ಮುಳ್ಳು ಸೊನ್ನೆಯ ಹತ್ತಿರ ಇರಬೇಕು. ಮೇಲೆ ನಿಂತಿದ್ದರೆ ಸೈಲೆನ್ಸರ್ ಕಟ್ಟಿರಬಹುದು, ಬಿಚ್ಚಿ ನೋಡಿ. ಪ್ರೆಷರ್ ಸಾಲದು ಅಂತ ಪರ್ಜ್ ವಾಲ್ವಿಗೆ ಮಾತ್ರ ಯಾರನ್ನೂ ಕೈ ಹಾಕಲು ಬಿಡಬೇಡಿ.