ಥರ್ಮೋಸ್ಟಾಟ್ ತಂದರೆ ಮೊದಲು ಕುದಿಸಿ ನೋಡಿ

ರಾಯಚೂರಿನಲ್ಲಿ ಹಳೆಯ ಕಾರಿನ ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರು ನನ್ನಂತೆ ಬಹಳ ಜನ ಇದ್ದೀರಿ. ನಿಮಗೆ ಒಂದು ಎಚ್ಚರಿಕೆ: ಅಂಗಡಿಯಿಂದ ತಂದ ಥರ್ಮೋಸ್ಟಾಟನ್ನು (ಎಂಜಿನ್ ಬಿಸಿಯೇರುವ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆದು, ಆಮೇಲೆ ತೆರೆದುಕೊಳ್ಳುವ ವಾಲ್ವ್) ಬಿಸಿನೀರಿನಲ್ಲಿ ಪರೀಕ್ಷಿಸದೆ ಎಂಜಿನ್‌ಗೆ ಕೂರಿಸಬೇಡಿ. ನಾನೂರು ರೂಪಾಯಿಯ ನಕಲಿ ಮಾಲು ನಮ್ಮ ಕಾರಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೈಗೂ ಅದರ ಮೇಲಿನ ಹೆಡ್ ಎಂಬ ಭಾಗಕ್ಕೂ ನಡುವೆ ಸೋರದಂತೆ ಕೂರಿಸುವ ಹಾಳೆ) ತಿಂದುಹಾಕಿತು. ಅಂಗಡಿಯ ಹೆಸರು ಬರೆಯುತ್ತಿಲ್ಲ. ಅಂಥ ಪೊಟ್ಟಣ ಅದೊಂದೇ ಕಡೆ ಇರುತ್ತದೆ ಎಂದು ನನಗಂತೂ ಅನ್ನಿಸುವುದಿಲ್ಲ.

ಕಾರು ಸೆಕೆಂಡ್ ಹ್ಯಾಂಡ್. ತಂದಾಗಿನಿಂದ ಶಾಖದ ಮುಳ್ಳು ತಳ ಬಿಟ್ಟು ಮೇಲೇಳುತ್ತಿರಲಿಲ್ಲ, ಪೆಟ್ರೋಲ್ ಮಾತ್ರ ನೀರಿನಂತೆ ಖರ್ಚಾಗುತ್ತಿತ್ತು. ನಾನೂ ತಮ್ಮನೂ ಕೂಡಿ ಥರ್ಮೋಸ್ಟಾಟ್ ಇರುವ ಮುಚ್ಚಳ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಕಿತ್ತು ಎಸೆದಿದ್ದರು. ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಬದಲು ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರೆಂದು ಕಾಣುತ್ತದೆ, ಮುಚ್ಚಳದ ಒಳಗೋಡೆಯ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಗಟ್ಟಿಯಾಗಿ ಕೂತಿತ್ತು.

'ನಮ್ಮ ಬಿಸಿಲಿಗೆ ವಾಲ್ವ್ ಯಾಕೆ ಬೇಕು, ತೆಗೆದುಬಿಡಿ' ಎನ್ನುವ ಸಲಹೆಯನ್ನು ಈ ಕಡೆಯ ಗ್ಯಾರೇಜುಗಳಲ್ಲಿ ನೀವೂ ಕೇಳಿರುತ್ತೀರಿ. ಇದನ್ನು ಹೇಳುವವರ ಮೇಲೆ ನನಗೆ ಸಿಟ್ಟಿದೆ. ಎಂಜಿನ್ ಸರಿಯಾಗಿ ಕೆಲಸ ಮಾಡಲು ಅದರ ಕೂಲೆಂಟ್ ಸುಮಾರು 90 ಡಿಗ್ರಿ ಬಿಸಿ ಇರಬೇಕು. ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲು ಮನುಷ್ಯರಿಗೆ ಕೆಂಡ, ಎಂಜಿನ್‌ಗೆ ಚಳಿಗಾಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರ್‌ಗೆ ಹರಿಯುತ್ತದೆ, ಎಂಜಿನ್ ಬಿಸಿಯೇರಲು ಒದ್ದಾಡುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅಂಥವುಗಳಲ್ಲಿ ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರ್ ಮುಟ್ಟದೆ ಒಳಗೊಳಗೇ ಸುತ್ತಿ ಎಂಜಿನ್ ಉಲ್ಟಾ ಅತಿಯಾಗಿ ಬಿಸಿಯಾಗುತ್ತದೆ.

ಸರಿ, ಹೊಸದನ್ನು ಕೇಳಲು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. ಪೊಟ್ಟಣದ ಬಣ್ಣ, ಅಕ್ಷರ ಎಲ್ಲವೂ ಕಂಪನಿಯದರಂತೆಯೇ ಇದ್ದವು. ಬಿಲ್ ಕೇಳಿದರೆ ಚೀಟಿಯ ಮೇಲೆ ಮೊತ್ತವೊಂದನ್ನೇ ಗೀಚಿ ಕೊಟ್ಟರು. ಕೂರಿಸುವ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಹೋಗುವ ಪುಟ್ಟ ಪಿನ್ ಮೇಲಕ್ಕೆ, ಹಳೆಯ ಪದರ ಕೆರೆದ ಜಾಗಕ್ಕೆ ಹೊಸ ರಬ್ಬರ್ ರಿಂಗ್. ಕೂಲೆಂಟ್ ಜೊತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಅರ್ಧರ್ಧ ಬೆರೆಸಿ ತುಂಬಿದೆವು. ಹೀಟರ್ ಹಾಕಿ, ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ ಗಾಳಿ ಹೊರಹಾಕಿದೆವು. ಮನೆಯ ಮುಂದೆ ನಿಂತಲ್ಲೇ ಎಲ್ಲವೂ ಸರಿಯಿತ್ತು. ಮುಳ್ಳು ನಡುವಿಗೆ ಬಂದು ನಿಂತಾಗ ತಮ್ಮ ಶಿಳ್ಳೆ ಹಾಕಿದ್ದೂ ಉಂಟು.

ಮುಂದಿನ ವಾರ ಸಿಂಧನೂರಿಗೆ ಹೊರಟೆವು. ಮಾನ್ವಿ ದಾಟಿದ ಮೇಲೆ ಎಸಿಯಿಂದ ಬಿಸಿಗಾಳಿ ಬರತೊಡಗಿತು. ಮುಳ್ಳಿನ ಕಡೆ ನೋಡುವಷ್ಟರಲ್ಲಿ ಅದು ಕೆಂಪು ಗೆರೆಯ ಮೇಲಿತ್ತು. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದೆವು. ರೇಡಿಯೇಟರ್‌ನ ಒಂದು ಹೋಸ್ ಮುಟ್ಟಲಾಗದಷ್ಟು ಸುಡುತ್ತಿತ್ತು, ಇನ್ನೊಂದು ಉಗುರುಬೆಚ್ಚಗಿತ್ತು. ನೀರು ಹರಿಯುತ್ತಿಲ್ಲ ಎನ್ನಲು ಇಷ್ಟು ಸಾಕು. ಅಷ್ಟರಲ್ಲಿ ಬೈಕಿನವರೊಬ್ಬರು ನಿಂತು, ಬಾಟಲಿ ಹಿಡಿದು 'ರೇಡಿಯೇಟರ್ ಮುಚ್ಚಳ ತೆಗೆಯಿರಿ ಅಣ್ಣ, ನೀರು ಹಾಕೋಣ' ಎಂದರು. ಅವರ ಕೈ ಹಿಡಿದು ತಡೆದೆವು. ದಯವಿಟ್ಟು ನೆನಪಿಡಿ, ಆ ಮುಚ್ಚಳದ ಕೆಳಗೆ ನೀರು 100 ಡಿಗ್ರಿ ದಾಟಿಯೂ ಒತ್ತಡದಿಂದ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಾದೊಡನೆ ಉಗಿಯಾಗಿ ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಪೂರ್ತಿ ಆರುವ ತನಕ ಕಾಯಲೇಬೇಕು, ಬಿಸಿಲು ಎಷ್ಟಿದ್ದರೂ ಸರಿ.

ಕಾರನ್ನು ಎಳೆಸಿಕೊಂಡು ವಾಪಸ್ ಬಂದೆವು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಮೆತ್ತಿಕೊಂಡಿತ್ತು. ಗ್ಯಾಸ್ಕೆಟ್ ಸುಟ್ಟು ಕೂಲೆಂಟ್ ಆಯಿಲಿಗೆ ಇಳಿದಿತ್ತು. ಹೆಡ್ ಕೂಡ ಬಾಗಿದ್ದರಿಂದ ಲೇಥಿನಲ್ಲಿ ಅದರ ತಳ ಸಮ ಮಾಡಿಸಬೇಕಾಯಿತು. ಎಲ್ಲ ಸೇರಿ ಬಿಲ್ ಹದಿನೆಂಟು ಸಾವಿರ ಮುಟ್ಟಿತು.

ಬಿಚ್ಚಿದ ಥರ್ಮೋಸ್ಟಾಟನ್ನು ಮನೆಗೆ ತಂದು, ಬಳಕೆಯಿಂದ ತೆಗೆದಿಟ್ಟಿದ್ದ ಹಳೆಯ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ನೀರು ಕಾಯಿಸಿದೆವು. ಜೊತೆಗೊಂದು ಥರ್ಮಾಮೀಟರ್ ಇತ್ತು, ಜ್ವರದ್ದಲ್ಲ, 110ರವರೆಗೆ ತೋರಿಸುವಂಥದ್ದು. ಥರ್ಮೋಸ್ಟಾಟ್ ಮೈಮೇಲೆ 82 ಎಂದು ಒತ್ತಿದೆ. ಅಂದರೆ ಅದರೊಳಗಿನ ಮೇಣ ಆ ಬಿಸಿಗೆ ಕರಗಿ ಉಬ್ಬಿ ಬಾಯಿ ತೆರೆಯಲು ಶುರುವಾಗಬೇಕು, 95ರ ಆಸುಪಾಸಿನಲ್ಲಿ ಪೂರ್ತಿ ತೆರೆಯಬೇಕು. ನಮ್ಮದು ನೀರು ಕೊತಕೊತ ಕುದಿಯುವಾಗಲೂ ಉಗುರು ತೂರುವಷ್ಟೇ ತೆರೆದು ನಿಂತಿತು. ನಿಂತ ಗಾಡಿಗೆ ಆ ಸಂದು ಸಾಕಾಗಿತ್ತು, ಎಸಿ ಹಾಕಿ ಹೆದ್ದಾರಿಯಲ್ಲಿ ಓಡುವಾಗ ಸಾಲಲಿಲ್ಲ. ಮನೆ ಮುಂದಿನ ಪರೀಕ್ಷೆಯನ್ನು ನಂಬಬೇಡಿ ಎನ್ನುವುದು ಇದಕ್ಕೇ. ಬೇರೆ ಊರಿನಿಂದ ಕಂಪನಿ ಬಿಲ್ ಸಮೇತ ತರಿಸಿದ್ದನ್ನು ಅದೇ ಪಾತ್ರೆಗೆ ಇಳಿಸಿದಾಗ ಅದರ ಬಾಯಿ ಕಿರುಬೆರಳು ಹೋಗುವಷ್ಟು ಅಗಲವಾಯಿತು, ನೀರು ಆರಿದಂತೆ ಮೆಲ್ಲಗೆ ಮುಚ್ಚಿಕೊಂಡಿತು. ಕೊಳ್ಳುವಾಗ ಪಾರ್ಟ್ ನಂಬರ್ ಇರುವ ಬಿಲ್ಲನ್ನೇ ಹಠ ಹಿಡಿದು ಕೇಳಿ. ಬರೀ ಚೀಟಿ ಹಿಡಿದು ಗ್ರಾಹಕರ ಆಯೋಗಕ್ಕೆ ಹೋದರೆ ವಾದಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಮಾತು, ಬಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ತೆರೆದು ಇಡಬೇಡಿ. ಅದು ಸಿಹಿಯಾಗಿರುವ ವಿಷ, ಬೀದಿನಾಯಿಗಳು ನೆಕ್ಕಿ ಸಾಯುತ್ತವೆ.

ನಕಲಿ ಮಾಲನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು ಜಗಳವನ್ನೇನೂ ಆಡಲಿಲ್ಲ. 'ಒಂದೊಂದು ಪೀಸ್ ಹಾಗೆ ಬರುತ್ತದೆ ಅಣ್ಣ' ಎಂದು ಅದೇ ಪೆಟ್ಟಿಗೆಯಿಂದ ಇನ್ನೊಂದು ಪೊಟ್ಟಣ ತೆಗೆದು ಮುಂದಿಟ್ಟರು.