ಎರಡು ವರ್ಷ ಬಳಸಿದ ಸೆನ್ಸರ್ ಕೋಲು: ಹಣೆ ಉಳಿಯಿತು, ಗುಂಡಿ ಉಳಿದೇ ಇದೆ

ನನ್ನ ಹಣೆಯ ಮೇಲೆ ಮೂರು ಗಾಯದ ಗುರುತುಗಳಿವೆ. ಮೂರೂ, ಕಣ್ಣು ಕಾಣದ ನಾನು ಬಿಳಿ ಕೋಲನ್ನು ಸರಿಯಾಗಿ ಆಡಿಸುತ್ತಾ ನಡೆಯುವಾಗಲೇ ಆದವು. ಒಂದು ತೆರೆದಿಟ್ಟ ಕಿಟಕಿಯ ಬಾಗಿಲು, ಒಂದು ಮೆಟ್ಟಿಲ ತಳಭಾಗ, ಇನ್ನೊಂದು ನಿಂತ ಲಾರಿಯಿಂದ ಹೊರಗೆ ಚಾಚಿದ್ದ ಸರಳು. ಕೋಲು ಅವುಗಳ ಕೆಳಗೆ ಆರಾಮಾಗಿ ದಾಟಿಹೋಯಿತು. ಹಿಂದೆ ಬಂದ ಹಣೆ ಸಿಕ್ಕಿಬಿತ್ತು.

ಅದಕ್ಕೇ ಹಿಡಿಕೆಗೆ ಸಿಕ್ಕಿಸುವ ಅಲ್ಟ್ರಾಸೋನಿಕ್ ಸೆನ್ಸರ್ ತೆಗೆದುಕೊಂಡೆ. ಬಾವಲಿಯ ಕೆಲಸವೇ ಇದರದ್ದೂ. ಕಿವಿಗೆ ಕೇಳದ ಶಬ್ದ ಬಿಡುತ್ತದೆ, ಅದು ಬಡಿದು ವಾಪಸ್ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. 3 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸೆಕೆಂಡಿನ 50ರಲ್ಲೊಂದು ಪಾಲೂ ಬೇಡ. ಹತ್ತಿರವಾದಷ್ಟೂ ಹಿಡಿಕೆ ಜಾಸ್ತಿ ಅದುರುತ್ತದೆ.

ಮೊದಲ ತಿಂಗಳು ಸಾಕಪ್ಪಾ ಸಾಕು ಅನ್ನಿಸಿತ್ತು. ಪಕ್ಕದ ಗೋಡೆ, ಮುಂದೆ ಹೋಗುವವರ ಬೆನ್ನು, ಎಲ್ಲದಕ್ಕೂ ಗುರ್ರ್ ಗುರ್ರ್. ಮಣಿಕಟ್ಟು ಬೇರೆ ನೋವು. ಆಮೇಲೆ ಗೊತ್ತಾಯಿತು, ತಪ್ಪು ನನ್ನ ಹಿಡಿತದ್ದು. ಕೋಲು ಕೈಯಲ್ಲಿ ಸ್ವಲ್ಪ ಹೊರಳಿದರೂ ಸೆನ್ಸರ್ ದಾರಿ ಬಿಟ್ಟು ಗೋಡೆ ನೋಡುತ್ತಾ ಕೂರುತ್ತದೆ. ಜನಜಂಗುಳಿಯಲ್ಲಿ ಈಗಲೂ ಆಫ್ ಮಾಡುತ್ತೇನೆ, ಸುಮ್ನೆ ತಲೆನೋವು.

ಆದರೆ ಒಂದು ಸಂಜೆ ಖಾಲಿ ದಾರಿಯಲ್ಲಿ ಹಿಡಿಕೆ ಅದುರಿತು. ಕೋಲಿನ ತುದಿಗೆ ಏನೂ ತಾಗಲಿಲ್ಲ. ಸುಳ್ಳು ಹೇಳುತ್ತಿದೆ ಅಂದುಕೊಂಡೇ ಎಡಗೈ ಎತ್ತಿದೆ. ಮುಖದಿಂದ ಒಂದು ಗೇಣು ದೂರದಲ್ಲಿ, ಬಾಗಿದ ಮರದ ಕೊಂಬೆ. ನಾಲ್ಕನೇ ಗುರುತು ಅಲ್ಲಿ ತಪ್ಪಿತು.

ಇನ್ನು ಇದರ ಕೈಲಾಗದ್ದು. ಇದು ಗುಂಡಿ ತೋರಿಸುವುದಿಲ್ಲ, ಕೆಳಗಿಳಿಯುವ ಮೆಟ್ಟಿಲನ್ನೂ ತೋರಿಸುವುದಿಲ್ಲ. ಅದು ಕೋಲಿನ ತುದಿಯ ಕೆಲಸ. ಒಮ್ಮೆ ಸೆನ್ಸರ್ ನಂಬಿ ಕೋಲು ಆಡಿಸುವುದನ್ನು ಸಡಿಲ ಮಾಡಿದೆ, ಕಾಲು ಉಳುಕಿಸಿಕೊಂಡು ವಾರ ಮಲಗಿದೆ. ಕೋಲು ಹಿಡಿದು ನಡೆಯಲು ಕಲಿಯದವರು ಇದನ್ನು ಈಗಲೇ ಕೊಳ್ಳಬೇಡಿ. ಒಣಗಲು ಹಾಕಿದ ಬಟ್ಟೆಯಂಥ ಮೆತ್ತನೆಯದು ಶಬ್ದವನ್ನು ನುಂಗಿಬಿಡುತ್ತದೆ. ಓರೆಯಾಗಿ ನಿಂತ ಗಾಜಿನ ಬಾಗಿಲು ಅದನ್ನು ಬೇರೆ ಕಡೆಗೆ ಎಸೆಯುತ್ತದೆ. ಮಳೆಹನಿ ಸೆನ್ಸರ್ ಮೇಲೆ ಕೂತರೆ ಒಂದೇ ಸಮನೆ ಅದುರಾಟ, ಅಂಗಿಯ ತುದಿಯಿಂದ ಒರೆಸಿಕೊಳ್ಳಬೇಕು.

ಮಾಡಿದವರ ಮೇಲೆ ನನಗಿರುವ ನಿಜವಾದ ಸಿಟ್ಟು ಬೇರೆ. ಚಾರ್ಜ್ ಮುಗಿಯುತ್ತಿದೆ ಅನ್ನುವುದಕ್ಕೆ ಇದರಲ್ಲಿರುವುದು ಒಂದು ಪುಟ್ಟ ಕೆಂಪು ದೀಪ. ಯಾರಿಗಾಗಿ ಮಾಡಿದ್ದು ಅನ್ನುವುದೇ ಮರೆತುಹೋಯಿತೇನೋ, ಅಲ್ವಾ? ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಮಗಳು "ಅಪ್ಪಾ, ಕೆಂಪು ಬಂತು" ಅಂತ ಕೂಗಿದ ಮೇಲೇ ಅದು ಚಾರ್ಜ್ ಆಗುವುದು.